ಬ್ರಾತ್‌ನಲ್ಲಿ ಒಂದು ರಾತ್ರಿ ಬಿಟ್ಟ ಮೇಲೆ ಸಿಕ್ಕ ಜಿಬಿಎಸ್

"ನಮ್ಮ ಕಡೆ ಗರ್ಭಿಣಿಯರಲ್ಲಿ ಜಿಬಿಎಸ್ ಇಲ್ಲವೇ ಇಲ್ಲ ಸಾರ್, ಕಲ್ಚರ್ ಮೀಡಿಯಾ ದಂಡ" ಎನ್ನುತ್ತಿದ್ದರು ಹೆರಿಗೆ ವಿಭಾಗದ ಮೇಡಂ. ಜಿಬಿಎಸ್ ಅಂದರೆ ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ದಾಟಬಲ್ಲ ಬ್ಯಾಕ್ಟೀರಿಯಾ. ಅವರದೂ ತಪ್ಪಲ್ಲ. ಹೈ ವೆಜೈನಲ್ ಸ್ವಾಬನ್ನು (ಯೋನಿಯ ಮೇಲ್ಭಾಗಕ್ಕೆ ಒತ್ತಿ ತೆಗೆದ ಹತ್ತಿಕಡ್ಡಿ) ನೇರ ಬ್ಲಡ್ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ, ರಕ್ತ ಬೆರೆಸಿದ ಪ್ಲೇಟು) ಮೇಲೆ ಎಳೆದರೆ ನೂರಕ್ಕೆ ಒಂದೋ ಎರಡೋ ಸಿಗುತ್ತಿತ್ತು. ಉಳಿದದ್ದೆಲ್ಲ ಎಂಟರೋಕಾಕಸ್, ಇ. ಕೋಲೈ ಎಂಬ ಕರುಳಿನ ಬ್ಯಾಕ್ಟೀರಿಯಾಗಳ ಗದ್ದಲ.

ನಾನು 36–37ನೇ ವಾರದಲ್ಲಿ, ಸ್ಪೆಕ್ಯುಲಮ್ (ಯೋನಿ ಅಗಲಿಸುವ ಸಾಧನ) ಇಲ್ಲದೆ, ಯೋನಿಯ ಕೆಳಭಾಗ ಮತ್ತು ಗುದದ ಸ್ವಾಬ್ ತರಿಸಿದೆ. ಗುದ ಎಂದೊಡನೆ ಸಿಸ್ಟರ್‌ಗಳಿಗೆ ಮುಜುಗರ. ಅವರನ್ನು ಒಪ್ಪಿಸಲು ಹಿಡಿದಷ್ಟು ಕಾಲ ಲ್ಯಾಬ್ ಕೆಲಸಕ್ಕೂ ಹಿಡಿಯಲಿಲ್ಲ. ಸ್ವಾಬನ್ನು ಒಂದು ರಾತ್ರಿ ಬ್ರಾತಿನಲ್ಲಿ (ಉಳಿದ ಬ್ಯಾಕ್ಟೀರಿಯಾ ತಡೆದು ಜಿಬಿಎಸ್ ಬೆಳೆಸುವ ದ್ರವ) ಬಿಟ್ಟು, ಆಮೇಲೆ ಬ್ಲಡ್ ಅಗರ್ ಮೇಲೆ ಎಳೆಯುವುದು. ಇದಕ್ಕೆಂದೇ ಸಿಗುವ ರೆಡಿ ಲಿಮ್ ಬ್ರಾತ್ ನಮ್ಮ ಬಜೆಟ್ಟಿಗೆ ನಿಲುಕದು. ಟಾಡ್-ಹೆವಿಟ್ ಪುಡಿಯ ಬ್ರಾತಿಗೆ ಎಂಎಲ್‌ಗೆ 8 ಮೈಕ್ರೋಗ್ರಾಂ ಜೆಂಟಮೈಸಿನ್, 15 ಮೈಕ್ರೋಗ್ರಾಂ ನ್ಯಾಲಿಡಿಕ್ಸಿಕ್ ಆಸಿಡ್ ಎಂಬ ಆಂಟಿಬಯಾಟಿಕ್ ಸೇರಿಸಿ ನಾವೇ ಮಾಡಿದೆವು. ಖರ್ಚು ಹೆಚ್ಚುಕಡಿಮೆ ಕಾಲುಭಾಗ. ಮೊದಲ ಬ್ಯಾಚುಗಳಲ್ಲಿ ನ್ಯಾಲಿಡಿಕ್ಸಿಕ್ ಕರಗದೆ ತಳದಲ್ಲೇ ಕೂತು, ಕೋಲೈ ಹುಲುಸಾಗಿ ಬೆಳೆಯಿತು. ಸೋಡಿಯಂ ಹೈಡ್ರಾಕ್ಸೈಡ್ ಹನಿ ಬಿದ್ದ ಮೇಲೆ ದಾರಿಗೆ ಬಂತು.

ಬ್ಲಡ್ ಅಗರಿಗೆ ಬೇಕಾದ ರಕ್ತದ್ದು ಬೇರೆ ರಾಮಾಯಣ. ಬ್ಲಡ್ ಬ್ಯಾಂಕಿನ ಅವಧಿ ಮುಗಿದ ಚೀಲ ಪುಕ್ಕಟೆ, ಆದರೆ ಜಿಬಿಎಸ್‌ನ ಕಿರಿದಾದ ಹೀಮೊಲಿಸಿಸ್ (ರಕ್ತಕಣ ಒಡೆದು ಮೂಡುವ ತಿಳಿ ವಲಯ) ಅದರಲ್ಲಿ ಮಸುಕು. ಕೊನೆಗೆ ಕುರಿ ರಕ್ತವೇ. ಗಾಜಿನ ಮಣಿ ಹಾಕಿ ಕುಲುಕಿ, ಹೆಪ್ಪುಗಟ್ಟಿಸುವ ಫೈಬ್ರಿನ್ ತೆಗೆಯುವುದು. ಮೊದಲ ಕೆಲವು ತಿಂಗಳ ದುಡ್ಡು ನನ್ನ ಜೇಬಿನದು. ಆ ರಕ್ತ ಬೇಗ ಕೆಡದಂತೆ ಇಡುವ ಉಪಾಯ ಒಂದಿದೆ. ಅದು ನನ್ನಲ್ಲೇ ಇರಲಿ.

ಬೆಳೆದದ್ದು ಜಿಬಿಎಸ್ಸೇ ಎಂದು ಗುರುತಿಸಲು ಕ್ಯಾಂಪ್ ಟೆಸ್ಟ್: ಸ್ಟ್ಯಾಫ್ ಎಂಬ ಬ್ಯಾಕ್ಟೀರಿಯಾದ ಹತ್ತಿರ ಎಳೆದರೆ ಹೀಮೊಲಿಸಿಸ್ ಬಾಣದ ತುದಿಯಂತೆ ಹಿಗ್ಗಬೇಕು. ಅದಕ್ಕೆ ನಮ್ಮ ರೋಗಿಗಳ ಸ್ಟ್ಯಾಫ್ ಹಾಕಿ ನೋಡಿದೆ, ಬಹುಪಾಲು ಬಾಣದ ತುದಿಯೇ ಮೂಡಲಿಲ್ಲ. ಪಶು ವೈದ್ಯ ಗೆಳೆಯನೊಬ್ಬ ಕೆಚ್ಚಲುಬಾವಿನ ಹಾಲು ಕೊಟ್ಟ. ಅದರ ಸ್ಟ್ಯಾಫ್‌ನಲ್ಲಿ ಬಾಣ ಮೂಡಲು ಬೇಕಾದ ಬೀಟಾ ಟಾಕ್ಸಿನ್ ಎಂಬ ವಿಷ ಧಾರಾಳ, ಬಾಣ ಕಣ್ಣಿಗೆ ಹೊಡೆಯುವಂತೆ ಬಂತು! ಅದೇ ಹಾಲಿನಲ್ಲಿ ಜಿಬಿಎಸ್ ಕೂಡ ಸಿಕ್ಕಿತು, ಅದರ ಕಥೆ ಇನ್ನೊಮ್ಮೆ.

ಲೆಕ್ಕ ಹೇಳುವುದಾದರೆ, ನೂರಕ್ಕೆ ಹತ್ತು-ಹನ್ನೆರಡು ಪಾಸಿಟಿವ್. ಪೆನಿಸಿಲಿನ್‌ಗೆ ಎಲ್ಲವೂ ಬಗ್ಗಿದವು. ಎರಿಥ್ರೊಮೈಸಿನ್‌ಗೆ ಮೂರರಲ್ಲೊಂದು ಜಗ್ಗಲಿಲ್ಲ. ಎರಿಥ್ರೊಮೈಸಿನ್, ಕ್ಲಿಂಡಮೈಸಿನ್ ಡಿಸ್ಕುಗಳನ್ನು (ಔಷಧಿ ತುಂಬಿದ ಕಾಗದದ ಬಿಲ್ಲೆ) 12 ಮಿ.ಮೀ. ಅಂತರದಲ್ಲಿಟ್ಟಾಗ ಅವುಗಳಲ್ಲಿ ಕೆಲವು ಕ್ಲಿಂಡಮೈಸಿನ್ ಸುತ್ತ ಡಿ ಆಕಾರ ತೋರಿಸಿದವು, ಅದಕ್ಕೂ ಜಗ್ಗಲಾರವು ಎಂಬ ಗುರುತು. ಅಂದರೆ ಪೆನಿಸಿಲಿನ್ ಅಲರ್ಜಿ ಇದೆಯೆಂದು ಕಣ್ಣು ಮುಚ್ಚಿ ಕ್ಲಿಂಡಮೈಸಿನ್ ಏರಿಸುವಂತಿಲ್ಲ. ಮೇಡಂ ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿ, ಮಾರನೆಯ ವಾರದಿಂದ ತಾವೇ ಸ್ವಾಬ್ ಕಳಿಸತೊಡಗಿದರು.

ಚೊಚ್ಚಲು ಹೆರಿಗೆಗೆ ತವರಿಗೆ ಹೋಗುವವರ ರಿಪೋರ್ಟ್ ನಮ್ಮಲ್ಲೇ ಕೊಳೆಯುತ್ತಿತ್ತು. ಈಗ ತಾಯಿ ಕಾರ್ಡಿನ ಮೇಲೇ ಕೆಂಪು ಇಂಕಿನಲ್ಲಿ ಬರೆದುಕೊಡುತ್ತೇವೆ: ಜಿಬಿಎಸ್ ಇದೆ, ನೋವು ಶುರುವಾದೊಡನೆ ಪೆನಿಸಿಲಿನ್, ಕ್ಲಿಂಡಾ ನಡೆಯುತ್ತದೋ ಇಲ್ಲವೋ.