ಜಡಿಮಳೆಯಲ್ಲಿ ಆಡಿನ ಎದೆ ಕಟ್ಟದಂತೆ ನೋಡಿಕೊಂಡ ಬಗೆ

ಹೊಸನಗರ ಸೀಮೆಯಲ್ಲಿ ಆಡು ಸಾಕುತ್ತೇನೆ ಅಂದರೆ ಎಲ್ಲರದ್ದೂ ಒಂದೇ ಮಾತು: "ಆರಿದ್ರೆ ಮಳೆ ಹಿಡಿಯಲಿ, ಆಮೇಲೆ ಮಾತಾಡೋಣ." ಸುಳ್ಳೇನಲ್ಲ. ಮಳೆ ಹಿಡಿದ ಎರಡನೇ ವಾರಕ್ಕೆ ಮೂಗಲ್ಲಿ ಸಿಂಬಳ, ಮೂರನೇ ವಾರಕ್ಕೆ ಎದೆ ಗೊರಗೊರ, ಆಮೇಲೆ ಗುಂಡಿ ತೋಡುವ ಕೆಲಸ. ನಲವತ್ತು–ಐವತ್ತರ ಹಿಂಡಿನಲ್ಲಿ ಮಳೆಗಾಲಕ್ಕೆ ಹತ್ತು–ಹನ್ನೆರಡು ಹೋಗುತ್ತಿದ್ದವು. ಈಗ ಒಂದೋ ಎರಡೋ. ನಗುತ್ತಿದ್ದವರೇ ಈಗ ದೊಡ್ಡಿ ನೋಡಲು ಬರುತ್ತಾರೆ.

ಗಳಲೆ ರೋಗದ (ಗಂಟಲುಬೇನೆಯ) ಲಸಿಕೆಯನ್ನು ಎಲ್ಲರೂ ಹಾಕಿಸುತ್ತಾರೆ. ಆದರೂ ನ್ಯುಮೋನಿಯಾ ಯಾಕೆ? ಆ ಲಸಿಕೆ ಇರುವುದು ಪಾಶ್ಚುರೆಲ್ಲಾ ಮಲ್ಟೋಸಿಡಾ ಎಂಬ ಬ್ಯಾಕ್ಟೀರಿಯಾದ ಬಿ:2 ಬಗೆಯ ವಿರುದ್ಧ. ಆಡಿನ ಎದೆ ಕಟ್ಟಿಸುವುದು ಹೆಚ್ಚಾಗಿ ಮ್ಯಾನ್‌ಹೈಮಿಯಾ ಹೀಮೋಲಿಟಿಕಾ, ಇಲ್ಲವೇ ಪಾಶ್ಚುರೆಲ್ಲಾದ ಎ ಬಗೆ. ಇವೆರಡೂ ಆರೋಗ್ಯವಂತ ಆಡಿನ ಗಂಟಲಲ್ಲೇ ಸುಮ್ಮನೆ ಕೂತಿರುತ್ತವೆ. ಶ್ವಾಸಕೋಶದ ಕಾವಲು ಸಡಿಲವಾದ ದಿನ ಕೆಳಗಿಳಿಯುತ್ತವೆ. ಹಾಗಾಗಿ ಗಳಲೆ ಲಸಿಕೆ ಬಿಡಬಾರದು, ಅದನ್ನೇ ನಂಬಿ ಕೂರಲೂಬಾರದು. ಕಾವಲು ಸಡಿಲ ಮಾಡುವ ಮೂರನ್ನು ಹೊರಗಿಡುವುದೇ ಕೆಲಸ: ಪಿಪಿಆರ್ (ಆಡು-ಕುರಿಗಳ ಪ್ಲೇಗ್), ರಕ್ತ ಹೀರುವ ಹುಳ, ಮೂತ್ರದ ಗಾಳಿ.

ಪಿಪಿಆರ್ ವೈರಸ್ ದಡಾರದ ವೈರಸ್ಸಿನ ಬಳಗದ್ದು. ಬಿಳಿ ರಕ್ತಕಣವನ್ನೇ ತಿಂದುಹಾಕುತ್ತದೆ, ಸಾಯಿಸುವುದು ಎಷ್ಟೋ ಸಲ ಹಿಂದಿನಿಂದ ಬಂದ ಬ್ಯಾಕ್ಟೀರಿಯಾ. ಲಸಿಕೆ ಆಸ್ಪತ್ರೆಯಲ್ಲಿ ಪುಕ್ಕಟೆ, ಚರ್ಮದ ಕೆಳಗೆ 1 ಮಿಲಿ, ಮೂರು ವರ್ಷಕ್ಕೆ ಮೋಸವಿಲ್ಲ. ಕೆಡುವುದು ನಮ್ಮ ಕೈಯಲ್ಲಿ. ಇದು ಜೀವಂತ ಲಸಿಕೆ. ಸ್ಪಿರಿಟ್ ಒರೆಸಿದ ಸೂಜಿಯಲ್ಲಿ ಎಳೆದರೆ ಸಿರಿಂಜಿನಲ್ಲೇ ಸತ್ತಿತು. ಕುದಿಸಿ ಆರಿಸಿದ ಸೂಜಿಯೇ ಆಗಬೇಕು. ಕಲಸಿದ ಮೇಲೆ ಮಂಜುಗಡ್ಡೆಯ ಮೇಲಿಟ್ಟು ಎರಡು ಗಂಟೆಯೊಳಗೆ ಮುಗಿಸಬೇಕು, ಮಿಕ್ಕಿದ್ದನ್ನು ನಾಳೆಗೆ ಇಡುವ ಆಸೆ ಬೇಡ. ಗಳಲೆ ಲಸಿಕೆಯದ್ದು ಇನ್ನೊಂದು ಕಥೆ: ಅದು ಸತ್ತ ಲಸಿಕೆ, ಹೆಪ್ಪುಗಟ್ಟಿದರೆ ಕೆಲಸಕ್ಕಿಲ್ಲ. ಫ್ರೀಜರಿಗೆ ತಾಗಿಸಿ ಇಡಬೇಡಿ. ಬಯಲುಸೀಮೆ ಸಂತೆಯಿಂದ ತಂದ ಆಡು ಮೂರು ವಾರ ಬೇರೆ ಕಡೆ ನಿಲ್ಲಬೇಕು, ಹಿಂಡಿಗೆ ಸೇರಿಸುವುದು ಆಮೇಲೆ.

ಎರಡನೆಯದು ಹುಳ. ಹೀಮಾಂಕಸ್ ಎಂಬ ಹೊಟ್ಟೆಹುಳ ಒಂದೊಂದೂ ದಿನಕ್ಕೆ ಸುಮಾರು 0.05 ಮಿಲಿ ರಕ್ತ ಕುಡಿಯುತ್ತದೆ. ಸಾವಿರ ಹುಳವಿದ್ದರೆ ಲೆಕ್ಕ ನೀವೇ ಹಾಕಿ. ರಕ್ತವಿಲ್ಲದ, ಪ್ರೋಟೀನ್ ಸೋರಿಹೋದ ಆಡಿಗೆ ಲಸಿಕೆ ಹಾಕಿದರೆ ಅದು ಪ್ರತಿಕಾಯ ಮಾಡುವುದು ಯಾವುದರಿಂದ? ಅದಕ್ಕೇ ಕ್ರಮ ಹೀಗೆ: ಭರಣಿ ಮಳೆ ಹೊತ್ತಿಗೆ ಜಂತು ಔಷಧ, ಎರಡು ವಾರ ಬಿಟ್ಟು ಕೃತ್ತಿಕೆಯಲ್ಲಿ ಗಳಲೆ ಲಸಿಕೆ. ಮೃಗಶಿರ ಬರುವಷ್ಟರಲ್ಲಿ ರಕ್ತದಲ್ಲಿ ಬಲ ಬಂದಿರುತ್ತದೆ. ಜೂನ್ ಕೊನೆಯಲ್ಲಿ ನೆನೆದು ನಡುಗುವ ಆಡಿಗೆ ಚುಚ್ಚಿ ಲಸಿಕೆಯನ್ನು ಬಯ್ಯುವುದು ನಮ್ಮ ಕಡೆಯ ವಾಡಿಕೆ.

ಕಣ್ಣಿನ ಕೆಳರೆಪ್ಪೆ ಎಳೆದು ಬಣ್ಣ ನೋಡಿ. ಕೆಂಪಗಿದ್ದದ್ದನ್ನು ಬಿಡಿ, ಬಿಳಿಚಿದ್ದಕ್ಕೆ, ಗದ್ದದ ಕೆಳಗೆ ನೀರು ತುಂಬಿದ್ದಕ್ಕೆ ಮಾತ್ರ ಕುಡಿಸಿ. ಎಲ್ಲಕ್ಕೂ ಕುಡಿಸಿ ಕುಡಿಸಿಯೇ ಆಲ್ಬೆಂಡಜೋಲ್ ಇಲ್ಲಿ ನೀರಿನಂತಾಗಿದೆ. ಗದ್ದೆ ಬದುವಿನಲ್ಲಿ ಮೇಯುವ ಹಿಂಡಿಗೆ ಕ್ಲೋಸಾಂಟೆಲ್ ಒಳ್ಳೆಯದು, ಯಕೃತ್ತಿನ ಹುಳಕ್ಕೂ ಆಗುತ್ತದೆ. ಆದರೆ ಕಿಲೋಗೆ 10 ಮಿಗ್ರಾಂ ದಾಟಿಸಬೇಡಿ, ಹೆಚ್ಚಾದರೆ ಕಣ್ಣು ಹೋಗುತ್ತದೆ. ತೂಗುತಕ್ಕಡಿ ಇಲ್ಲದೆ ಈ ಔಷಧಕ್ಕೆ ಕೈ ಹಾಕುವುದೇ ಬೇಡ. ಕುಡಿಸುವಾಗ ತಲೆಯನ್ನು ಆಕಾಶಕ್ಕೆ ಎತ್ತುವವರೇ ಜಾಸ್ತಿ. ಮೂಗು ಕಣ್ಣಿನ ಮಟ್ಟ ದಾಟಬಾರದು. ನಳಿಕೆ ಬಾಯಿಯ ಪಕ್ಕದಿಂದ ನಾಲಿಗೆಯ ಹಿಂಭಾಗಕ್ಕೆ ಹೋಗಬೇಕು. ಕೆಮ್ಮಿದರೆ ಕೂಡಲೇ ತಲೆ ಬಿಡಿ. ಔಷಧ ಎದೆಗಿಳಿದು ಬಂದ ನ್ಯುಮೋನಿಯಾಕ್ಕೆ ಯಾವ ಲಸಿಕೆಯೂ ಇಲ್ಲ.

ಹುಳಕ್ಕೆಂದು ಅಡಿಕೆ ಪುಡಿಯನ್ನೂ ಹಾಕಿ ನೋಡಿದ್ದಾಯಿತು. ಜೊಲ್ಲು ಸುರಿಯಿತು, ಹಿಕ್ಕೆ ನೀರಾಯಿತು, ರೆಪ್ಪೆಯ ಬಣ್ಣ ಮಾತ್ರ ಹಾಗೇ ಇತ್ತು. ಅಡಿಕೆಯ ಅರೆಕೋಲಿನ್ ಹಿಂದೆ ನಾಯಿಯ ಲಾಡಿಹುಳಕ್ಕೆ ಬಳಸುತ್ತಿದ್ದದ್ದು, ರಕ್ತ ಹೀರುವ ಹುಳಕ್ಕೆ ಅದು ಲೆಕ್ಕಕ್ಕಿಲ್ಲ.

ಮೂರನೆಯದು ಕೊಟ್ಟಿಗೆ. ದನಕ್ಕೆ ಹಾಸುವ ಹಾಗೆ ಸೊಪ್ಪು, ದರಗು ಹಾಸಿ ಗೊಬ್ಬರ ಮಾಡುವುದು ತೋಟಕ್ಕೆ ಚಿನ್ನ, ಆಡಿಗೆ ವಿಷ. ಕೊಳೆತ ಮೂತ್ರದ ಅಮೋನಿಯಾ ಶ್ವಾಸನಾಳದ ಸಣ್ಣ ರೋಮಗಳನ್ನು ಸುಡುತ್ತದೆ, ಒಳಹೋದ ರೋಗಾಣುವನ್ನು ಮೇಲಕ್ಕೆ ತಳ್ಳುವವೇ ಅವು. ನಿಂತವನ ಮೂಗಿಗೆ ಇದು ಗೊತ್ತಾಗುವುದಿಲ್ಲ. ಬೆಳಗಿನ ಜಾವ ಬಾಗಿಲು ತೆಗೆಯುವ ಮೊದಲು ಒಳಗೆ ಹೋಗಿ ಮರಿಯ ಮಟ್ಟಕ್ಕೆ ಕುಕ್ಕರಿಸಿ. ಕಣ್ಣು ಉರಿದರೆ ಮುಗಿಯಿತು.

ಅದಕ್ಕೇ ಹಿಕ್ಕೆ, ಮೂತ್ರ ಸಂದಿನಿಂದ ಕೆಳಗೆ ಬೀಳುವಂಥ ಅಟ್ಟಣಿಗೆ. ನಾಲ್ಕಡಿ ಎತ್ತರಕ್ಕೆ ಮಾಡಿದ್ದು, ಕೆಳಗೆ ಬಗ್ಗಿ ಗೊಬ್ಬರ ಎಳೆಯುವಷ್ಟು. ಹಾಸಿದ್ದು ಅಡಿಕೆ ದಬ್ಬೆ, ಅಂದರೆ ಸೀಳಿದ ಅಡಿಕೆ ಮರ. ಒಳಗಿನ ತಿರುಳು ಪೂರ್ತಿ ಕೆತ್ತಿ ತೆಗೆಯಬೇಕು, ಇಲ್ಲದಿದ್ದರೆ ಅದೇ ಮೂತ್ರ ಹೀರಿಕೊಂಡು ಕೂರುತ್ತದೆ. ಗಟ್ಟಿ ಮೈ ಮೇಲಕ್ಕೆ, ಜಾರದ ಹಾಗೆ ಕತ್ತಿಯಿಂದ ಅಡ್ಡ ಕಚ್ಚು. ಸಂದು ಮರಿಗೆ 1.2 ಸೆಂಮೀ, ದೊಡ್ಡವಕ್ಕೆ 1.5ರಿಂದ 2. ಇನ್ನೂ ಅಗಲ ಬಿಟ್ಟರೆ ಕಾಲು ಮುರಿಯುತ್ತದೆ, ಕಿರಿದಾದರೆ ಹಸಿ ಹುಲ್ಲಿನ ಹಿಕ್ಕೆ ಅಂಟಿಕೊಳ್ಳುತ್ತದೆ. ಗೋಡೆ ಮೂರಡಿಯವರೆಗೆ ಮುಚ್ಚಿ, ಮೇಲೆ ಬಯಲು, ಸೂರು ನಾಲ್ಕಡಿ ಹೊರಕ್ಕೆ. ನಾಲ್ಕೂ ಕಡೆ ಟಾರ್ಪಾಲ್ ಸುತ್ತಿ "ಬೆಚ್ಚಗಿದೆ" ಅನ್ನುವ ಕೊಟ್ಟಿಗೆಯಲ್ಲೇ ಹೆಚ್ಚು ಸಾಯುವುದು. ಸೊಳ್ಳೆಗೆಂದು ಹೊಗೆ ಹಾಕುವುದನ್ನೂ ಬಿಡಿ. ಮಳೆ ಬಿಡದ ವಾರಗಳಲ್ಲಿ ದಬ್ಬೆ ಒಣಗಿಸುವುದಕ್ಕೆ ಒಂದು ಉಪಾಯವಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಬಂದು ನೋಡಿದವರಿಗೆ ತಾನಾಗಿ ಕಾಣುತ್ತದೆ.

ಮರಿಗಳ ವಿಚಾರ. ಹೋತವನ್ನು ಆಷಾಢದಲ್ಲಿ ಬಿಟ್ಟರೆ ಮಾರ್ಗಶಿರಕ್ಕೆ ಮರಿ, ಮಳೆ ಹಿಡಿಯುವಾಗ ಅದಕ್ಕೆ ಆರು ತಿಂಗಳು. ಈಯುವ ನಾಲ್ಕರಿಂದ ಆರು ವಾರ ಮೊದಲು ತಾಯಿಗೆ ಗಳಲೆ ಲಸಿಕೆ ಮತ್ತೊಮ್ಮೆ. ಆಡಿನ ಮಾಸು ಪ್ರತಿಕಾಯ ದಾಟಿಸುವುದಿಲ್ಲ, ಎಲ್ಲ ಬರುವುದು ಗಿಣ್ಣು ಹಾಲಿನಲ್ಲಿ. ಮರಿಯ ತೂಕದ ಹತ್ತನೇ ಒಂದು ಪಾಲು ಮೊದಲ ದಿನ, ಅರ್ಧ ಮೊದಲ ಆರು ಗಂಟೆಯೊಳಗೆ. ಆ ಬಲ ಇರುವಾಗ ಪಿಪಿಆರ್ ಲಸಿಕೆ ಹಾಕಿದರೆ ದಂಡ, ನಾಲ್ಕು ತಿಂಗಳು ಕಾಯಬೇಕು.

ಎದೆ ಕಟ್ಟಿದ ಆಡಿಗೆ ಡೆಕ್ಸಾ (ಸ್ಟೀರಾಯ್ಡ್) ಚುಚ್ಚಿ ಎಬ್ಬಿಸುವವರಿದ್ದಾರೆ. ಸಂಜೆಗೆ ಮೇವು ಮುಟ್ಟುತ್ತದೆ, ನಿಜ. ಇದ್ದ ಕಾವಲನ್ನೂ ಅದು ಮಲಗಿಸುತ್ತದೆ, ಮುಂದಿನ ವಾರ ಹೆಣ. ಡೆಕ್ಸಾ ಬಿದ್ದ ಆಡಿಗೆ ಎರಡು ವಾರ ಲಸಿಕೆ ಬೇಡ. ಸತ್ತದ್ದನ್ನು ಕೊಯ್ಸಿ ನೋಡಿ: ಶ್ವಾಸಕೋಶದ ಮುಂದಿನ ಹಾಳೆಗಳು ಈಲಿಯಂತೆ (ಯಕೃತ್ತಿನಂತೆ) ಗಟ್ಟಿಯಾಗಿ, ತುಂಡು ನೀರಲ್ಲಿ ಮುಳುಗಿದರೆ ಬ್ಯಾಕ್ಟೀರಿಯಾದ ಕೆಲಸ.

ದುಡ್ಡಿನ ಲೆಕ್ಕ: ಬಿದ್ದ ಮರ ತೋಟದ್ದೇ ಆದ್ದರಿಂದ ಅಟ್ಟಣಿಗೆಗೆ ಕೂಲಿ, ಮೊಳೆ, ಶೀಟು ಸೇರಿ 25–30 ಸಾವಿರ ಆಗಿರಬೇಕು. ಮೊದಲು ಒಂದು ಮಳೆಗಾಲದ ಇಂಜೆಕ್ಷನ್ ಬಿಲ್ಲೇ ಅದರ ಅರ್ಧ, ಸತ್ತ ಆಡು ಬೇರೆ. ದಬ್ಬೆ ಎರಡು ಮಳೆಗಾಲ ಬಾಳುತ್ತದೆ. ಪ್ಲಾಸ್ಟಿಕ್ ಜಾಲರಿ ಚದರಡಿಗೆ 200 ರೂಪಾಯಿ ಆಸುಪಾಸು ಹೇಳುತ್ತಾರೆ. ಮರಿಗಳ ಮೂಲೆಗೆ ಮಾತ್ರ ಹಾಕಿದ್ದಾಗಿದೆ, ಉಳಿದ ಕಡೆಗೆ ಸದ್ಯಕ್ಕೆ ದಬ್ಬೆಯೇ.