123456789 ಅನ್ನು ಪೆನ್ನು ಹಾಳೆಯಲ್ಲೇ ಅವಿಭಾಜ್ಯ ಅಪವರ್ತನಗಳಾಗಿ ಬಿಡಿಸುವುದು ಹೇಗೆ?

ಲಿನಕ್ಸ್ ಇದ್ದರೆ ಟರ್ಮಿನಲ್‌ನಲ್ಲಿ ಫ್ಯಾಕ್ಟರ್ ಕಮಾಂಡ್ ಕೊಟ್ಟರೆ ಸಾಕು, ಉತ್ತರ ತಕ್ಷಣ ಬರುತ್ತದೆ. ಆದರೂ ಈ ಸಂಖ್ಯೆಯನ್ನು ಒಮ್ಮೆ ಕೈಯಲ್ಲೇ ಬಿಡಿಸಿ ನೋಡಿ, ಮಜಾ ಇದೆ.

ಮೊದಲು ಸುಲಭದ ಕೆಲಸ. ಕೊನೆಯ ಅಂಕಿ 9, ಹಾಗಾಗಿ 2 ಮತ್ತು 5 ಇಲ್ಲ. ಅಂಕಿಗಳ ಮೊತ್ತ 45, ಅಂದರೆ 9ರಿಂದ ಭಾಗವಾಗುತ್ತದೆ. ಭಾಗಿಸಿದರೆ 13717421. ಇದರ ಅಂಕಿಗಳ ಮೊತ್ತ 26, ಇನ್ನು 3ರ ಕಥೆ ಮುಗಿಯಿತು.

ಈಗ 7, 11, 13 ಮೂರನ್ನೂ ಒಂದೇ ಏಟಿಗೆ ನೋಡಬಹುದು. 7×11×13 = 1001 ಅಲ್ವಾ, ಅದೇ ಇಲ್ಲಿ ಕೆಲಸಕ್ಕೆ ಬರುತ್ತದೆ. ಲಕ್ಷ, ಕೋಟಿಯ ಕಾಮಾ ಮರೆತು ಬಲಗಡೆಯಿಂದ ಮೂರು ಮೂರು ಅಂಕಿ ಬಿಡಿಸಿಕೊಳ್ಳಿ: 421, 717, 13. ಒಂದು ಬಿಟ್ಟು ಒಂದು ಕಳೆದು ಕೂಡಿಸಿ: 421 − 717 + 13 = −283. 283 ಈ ಮೂರರಲ್ಲಿ ಯಾವುದರಿಂದಲೂ ಭಾಗವಾಗುವುದಿಲ್ಲ, ಆದ್ದರಿಂದ ದೊಡ್ಡ ಸಂಖ್ಯೆಯೂ ಆಗುವುದಿಲ್ಲ.

ಇಲ್ಲಿಂದ ಮುಂದೆ 17, 19, 23 ಅಂತ ಸುಮ್ನೆ ಭಾಗಿಸುತ್ತಾ ಹೋದರೆ ಸಂಜೆಯಾದರೂ ಮುಗಿಯಲ್ಲ. 17ನೇ ಶತಮಾನದ ಫ್ರಾನ್ಸಿನ ಗಣಿತಜ್ಞ ಫರ್ಮಾ ತೋರಿಸಿದ ದಾರಿ ಹಿಡಿಯಿರಿ: ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯುವುದು. 13717421ರ ವರ್ಗಮೂಲ 3703ಕ್ಕಿಂತ ಸ್ವಲ್ಪ ಜಾಸ್ತಿ, ಹಾಗಾಗಿ 3704ರಿಂದ ಶುರು ಮಾಡಿ. 3704ರ ವರ್ಗ 13719616, ಅದರಲ್ಲಿ ನಮ್ಮ ಸಂಖ್ಯೆ ಕಳೆದರೆ 2195. ಇದು ವರ್ಗವಲ್ಲ, ಯಾಕೆಂದರೆ 5ರಲ್ಲಿ ಮುಗಿಯುವ ವರ್ಗ ಯಾವಾಗಲೂ 25ರಲ್ಲೇ ಮುಗಿಯುತ್ತದೆ. ಮುಂದಿನದಕ್ಕೆ ಮತ್ತೆ ವರ್ಗ ಮಾಡುವ ತಾಪತ್ರಯ ಬೇಡ, 2195ಕ್ಕೆ 3704 + 3705 = 7409 ಕೂಡಿಸಿ. ಬಂತು 9604. ಅದು 98ರ ವರ್ಗ! ಎರಡನೇ ಪ್ರಯತ್ನಕ್ಕೇ ಸಿಕ್ಕಿತು.

ಅಂದರೆ 13717421 = (3705 − 98)(3705 + 98) = 3607 × 3803. ಇವೆರಡೂ ಅವಿಭಾಜ್ಯ. ನಂಬಿಕೆ ಬರದಿದ್ದರೆ 3607 ಅನ್ನು 17ರಿಂದ 59ರವರೆಗಿನ, 3803 ಅನ್ನು 61ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿ, ಅಷ್ಟೇ ಸಾಕು. ಒಟ್ಟು 123456789 = 3² × 3607 × 3803. ಎಷ್ಟು ಅಪವರ್ತನಗಳಿವೆ ಅಂತ ಎಣಿಸಲು ಪ್ರತಿ ಘಾತಕ್ಕೂ 1 ಕೂಡಿಸಿ ಗುಣಿಸಿ: 3×2×2 = 12.

ಈ ಉಪಾಯ ಇಷ್ಟು ಬೇಗ ಫಲಿಸಿದ್ದು ಎರಡೂ ಅವಿಭಾಜ್ಯಗಳು ಹತ್ತಿರ ಹತ್ತಿರ ಇರುವುದರಿಂದ. ಆರ್‌ಎಸ್‌ಎ ಗೂಢಲಿಪಿಯ ಕೀ ತಯಾರಿಸಲು ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸುತ್ತಾರೆ; ಆಗ ತೀರಾ ಹತ್ತಿರದ ಅವಿಭಾಜ್ಯಗಳನ್ನು ಆರಿಸಬಾರದು ಅನ್ನುವುದೂ ಇದಕ್ಕೇ. ತಿರುಗಿಸಿ ಬರೆದ 987654321ಕ್ಕೆ ಇದೇ ದಾರಿ ಹಿಡಿದರೆ ಸೋಲುತ್ತೀರಿ: ಅದು 3² × 17² × 379721, ಅಪವರ್ತನಗಳು ದೂರ ದೂರ. ಅಲ್ಲಿ 17ರಿಂದ ನೇರವಾಗಿ ಭಾಗಿಸುವುದೇ ವಾಸಿ. ಆದರೆ 379721 ಅವಿಭಾಜ್ಯ ಅಂತ ಖಚಿತಪಡಿಸಲು 19ರಿಂದ 613ರವರೆಗೆ 105 ಅವಿಭಾಜ್ಯಗಳಿಂದ ಭಾಗಿಸಬೇಕು. ಅಷ್ಟು ಹಟ ಬೇಡ, ಅದನ್ನು ಕಂಪ್ಯೂಟರಿಗೆ ಬಿಡಿ.

ಈ ಎರಡು ಸಂಖ್ಯೆಗಳ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ಮಾತ್ರ ಬೇಕಿದ್ದರೆ ಇಷ್ಟೆಲ್ಲ ಬಿಡಿಸುವ ಅಗತ್ಯವೇ ಇಲ್ಲ. 987654321ನ್ನು 123456789ರಿಂದ ಭಾಗಿಸಿ. ಭಾಗಲಬ್ಧ 8, ಶೇಷ ಬರೀ 9. ಎರಡನ್ನೂ ಭಾಗಿಸುವ ಸಂಖ್ಯೆ ಈ ಶೇಷವನ್ನೂ ಭಾಗಿಸಲೇಬೇಕು, ಅಂದರೆ 9ಕ್ಕಿಂತ ದೊಡ್ಡದಾಗಲಾರದು. ಎರಡೂ 9ರಿಂದ ಭಾಗವಾಗುತ್ತವೆ ಅಂತ ಆಗಲೇ ಗೊತ್ತು, ಹಾಗಾಗಿ ಉತ್ತರ 9.