ಒಂದು ಡಯೋಡ್ ಹಿಡಿದು ಸಿಲಿಕಾನ್ ಗುಣ ನೋಡುವುದು ಹೇಗೆ?

ಸಿಲಿಕಾನ್ ಒಂದು ಅರೆವಾಹಕ ಅಂತ ಶಾಲೆಯಲ್ಲೇ ಓದಿರುತ್ತೇವೆ, ಅಲ್ವಾ? ಅದನ್ನು ಕಣ್ಣಾರೆ ನೋಡಲು ದೊಡ್ಡ ಲ್ಯಾಬ್ ಬೇಡ. 1ಎನ್4007 ಎಂಬ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ, ಸಿಲಿಕಾನ್‌ನಿಂದ ಮಾಡಿದ ಪುಟ್ಟ ಭಾಗ) ಒಂದು, ವೋಲ್ಟೇಜ್, ಕರೆಂಟ್ ಅಳೆಯುವ ಡಿಜಿಟಲ್ ಮಲ್ಟಿಮೀಟರ್ ಒಂದು ಇದ್ದರೆ ಸಾಕು. ಡಯೋಡ್ ಬಿಡಿಯಾಗಿರಲಿ. ಸರ್ಕ್ಯೂಟ್‌ನಲ್ಲೇ ಇದ್ದರೆ ಅಕ್ಕಪಕ್ಕದ ಭಾಗಗಳಿಂದ ಅಳತೆ ತಪ್ಪಬಹುದು.

ಮೊದಲು ಮೀಟರನ್ನು ಡಯೋಡ್ ಚಿಹ್ನೆಗೆ ತಿರುಗಿಸಿ. ಡಯೋಡ್‌ನ ಕಪ್ಪು ಮೈಮೇಲೆ ಒಂದು ತುದಿಗೆ ಬೆಳ್ಳಿ ಬಣ್ಣದ ಪಟ್ಟಿ ಕಾಣುತ್ತದೆ. ಅದೇ ಕ್ಯಾಥೋಡ್, ಅಂದರೆ ಕರೆಂಟ್ ಹೊರಬರುವ ತುದಿ. ಮೀಟರಿನ ಕಪ್ಪು ಪ್ರೋಬ್ (ಮುಟ್ಟಿಸುವ ಕಡ್ಡಿ) ಆ ಕಡೆಯ ಕಾಲಿಗೆ, ಕೆಂಪು ಇನ್ನೊಂದು ಕಾಲಿಗೆ ಮುಟ್ಟಿಸಿ. 0.5ರಿಂದ 0.7 ವೋಲ್ಟ್ ನಡುವಿನ ಒಂದು ಅಂಕಿ ಬರುತ್ತದೆ. ಕೆಲವು ಮೀಟರ್‌ಗಳು ಇದನ್ನೇ ಮಿಲಿವೋಲ್ಟ್‌ನಲ್ಲಿ, 580 ಅಂತ ತೋರಿಸುತ್ತವೆ. ಈಗ ಪ್ರೋಬ್ ಅದಲು ಬದಲು ಮಾಡಿ. 'ಓಎಲ್' (ಮೀಟರಿನ ಅಳತೆಯ ಮಿತಿ ಮೀರಿದೆ ಎಂಬ ಗುರುತು) ಅಥವಾ ಬರೀ 1 ಬಂತು ಅಂದರೆ ಕರೆಂಟ್ ಹರಿಯುತ್ತಿಲ್ಲ.

ಹೀಗ್ಯಾಕೆ? ಸಿಲಿಕಾನ್ ಪರಮಾಣುವಿನ ಹೊರಸುತ್ತಿನಲ್ಲಿ 4 ಎಲೆಕ್ಟ್ರಾನ್‌ಗಳಿವೆ. ನಾಲ್ಕೂ ನೆರೆಯ ಪರಮಾಣುಗಳ ಜೊತೆ ಬೆಸೆದುಕೊಂಡಿರುವುದರಿಂದ ಶುದ್ಧ ಸಿಲಿಕಾನ್‌ನಲ್ಲಿ ಕರೆಂಟ್ ಹರಿಯುವುದು ತುಂಬಾ ಕಡಿಮೆ. ಚೂರೇ ಚೂರು ರಂಜಕ ಸೇರಿಸಿದರೆ ಒಂದು ಎಲೆಕ್ಟ್ರಾನ್ ಹೆಚ್ಚಾಗಿ ಉಳಿಯುತ್ತದೆ. ಬೋರಾನ್ ಸೇರಿಸಿದರೆ ಒಂದು ಕಮ್ಮಿ ಬಿದ್ದು ಖಾಲಿ ಜಾಗ ಹುಟ್ಟುತ್ತದೆ. ಈ ಎರಡು ಬಗೆಯ ಸಿಲಿಕಾನ್ ಸೇರುವ ಗಡಿಯಲ್ಲಿ ಒಂದು ತಡೆ ಏಳುತ್ತದೆ. ಅದನ್ನು ದಾಟಲು ಬೇಕಾದ ವೋಲ್ಟೇಜೇ ನೀವು ನೋಡಿದ ಅಂಕಿ.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಮುಂದಿನ ಹಂತ. ಪ್ರೋಬ್‌ಗಳನ್ನು ಮೊದಲಿನಂತೆ ಇಟ್ಟು, ಡಯೋಡ್ ಮೈಯನ್ನು ಎರಡು ಬೆರಳಲ್ಲಿ ಹಿಡಿದು ಸುಮ್ನೆ ಕಾಯಿರಿ. 580 ಇದ್ದದ್ದು ಮೆಲ್ಲಗೆ 575, 570 ಅಂತ ಇಳಿಯುತ್ತದೆ. ಒಂದು ಡಿಗ್ರಿ ಬಿಸಿಗೆ ಸುಮಾರು 2 ಮಿಲಿವೋಲ್ಟ್ ಇಳಿಕೆ. ಲೋಹ ಬಿಸಿಯಾದರೆ ಕರೆಂಟಿಗೆ ಅಡ್ಡಿ ಹೆಚ್ಚುತ್ತದೆ. ಸಿಲಿಕಾನ್‌ನಲ್ಲಿ ಬಿಸಿಗೆ ಇನ್ನಷ್ಟು ಎಲೆಕ್ಟ್ರಾನ್‌ಗಳು ಬಿಡಿಸಿಕೊಳ್ಳುತ್ತವೆ, ಅಷ್ಟೇ ಕರೆಂಟಿಗೆ ಕಡಿಮೆ ವೋಲ್ಟೇಜ್ ಸಾಕಾಗುತ್ತದೆ. ಕಂಪ್ಯೂಟರ್ ಪ್ರೊಸೆಸರ್ ತನ್ನ ಬಿಸಿಯನ್ನು ತಾನೇ ಅಳೆಯುವುದಕ್ಕೂ ಇದೇ ಗುಣ ಬಳಕೆಯಾಗುತ್ತದೆ.

ಮೊದಮೊದಲ ಟ್ರಾನ್ಸಿಸ್ಟರ್‌ಗಳು (ಕರೆಂಟಿಗೆ ಸ್ವಿಚ್‌ನಂತೆ ಕೆಲಸ ಮಾಡುವ ಭಾಗಗಳು) ಜರ್ಮೇನಿಯಂ ಎಂಬ ಇನ್ನೊಂದು ಅರೆವಾಹಕದವು. ಬಿಸಿಯಾದರೆ ಅವುಗಳಲ್ಲಿ ಕರೆಂಟ್ ಸೋರಿಕೆ ಜಾಸ್ತಿ. ಎಲೆಕ್ಟ್ರಾನ್ ಬಿಡಿಸಲು ಅಲ್ಲಿ 0.67 ಎಲೆಕ್ಟ್ರಾನ್ ವೋಲ್ಟ್ (ಶಕ್ತಿಯ ಒಂದು ಅಳತೆ) ಸಾಕು, ಸಿಲಿಕಾನ್‌ಗೆ 1.12 ಬೇಕು. 1954ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಿಲಿಕಾನ್ ಟ್ರಾನ್ಸಿಸ್ಟರ್ ಹೊರತಂದಿತು. ಸಿಲಿಕಾನ್ ಮೇಲೆ ಬೆಳೆಯುವ ಆಕ್ಸೈಡ್ ಪದರ ಗಟ್ಟಿ, ಕರೆಂಟನ್ನೂ ಬಿಡುವುದಿಲ್ಲ. ಚಿಪ್ ತಯಾರಿಕೆಗೆ ಈ ಪದರ ಕೊಟ್ಟಷ್ಟು ಅನುಕೂಲ ಬೇರೆ ಯಾವುದೂ ಕೊಟ್ಟಿಲ್ಲ ಎನ್ನಬಹುದು.

ಇದೇ ಪರೀಕ್ಷೆ ರಿಪೇರಿಗೂ ಬರುತ್ತದೆ. ಎರಡೂ ದಿಕ್ಕಿನಲ್ಲಿ ಸೊನ್ನೆಯ ಹತ್ತಿರ ಬಂದರೆ ಡಯೋಡ್ ಶಾರ್ಟ್ ಆಗಿದೆ. ಎರಡೂ ದಿಕ್ಕಿನಲ್ಲಿ 'ಓಎಲ್' ಬಂದರೆ ಒಳಗೆ ತುಂಡಾಗಿದೆ. ಎರಡರಲ್ಲಿ ಯಾವುದೇ ಆಗಿದ್ದರೂ ಹೊಸ ಡಯೋಡನ್ನೇ ಹಾಕಿ.